ಬದುಕಿಗೆ ಅರ್ಥ ಏನು? ಗುಂಡ್ಲುಪೇಟೆ ಕಡೆಯ ಕೆಲವು ಉತ್ತರಗಳು

ಮೂರನೇ ಸೆಮಿಸ್ಟರಿನ ಇಂಟರ್ನಲ್ಸ್ ಮುಗಿದ ರಾತ್ರಿ ನನ್ನ ರೂಮ್‌ಮೇಟ್ ಒಂದು ಪ್ರಶ್ನೆ ಕೇಳಿದಳು. ಅವಳು ಬೆಳಗಾವಿ ಜಿಲ್ಲೆಯ ಜೈನ ಮನೆತನದವಳು. ಹಿಂದಿನ ವರ್ಷ ಅವಳ ಅಜ್ಜ ಸಲ್ಲೇಖನ ತಗೊಂಡು ತೀರಿಕೊಂಡಿದ್ರು. "ಬದುಕಿಗೆ ಅರ್ಥ ಐತಿ ಅಂತಾರಲ್ಲ, ಹಂಗಾದ್ರ ಅದನ್ನ ಬಿಟ್ಟು ಹೋಗೂಮುಂದ ನಮ್ಮಜ್ಜ ಯಾಕ ನಕ್ಕೋತ ಹೋದ?" ಅಂದಳು.

ನಾನು ಯೂಟ್ಯೂಬಲ್ಲಿ ನೋಡಿದ್ದ ಆಲ್ಬರ್ ಕಮೂ, ಸಿಸಿಫಸ್, ಬಂಡೆ ಉರುಳಿಸೋ ಕಥೆ ಎಲ್ಲಾ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅದು ಫ್ರಾನ್ಸಿನವ್ರ ಉತ್ತರ. ನಿಮ್ಮೂರಾಗ ಏನಂತಾರ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ. ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ, ಬೆಳೆದಿದ್ದು ಮೈಸೂರಲ್ಲಿ. ಗುಂಡ್ಲುಪೇಟೆ ಅಂದ್ರೆ ಬೇಸಿಗೆ ರಜಕ್ಕೆ ಅಜ್ಜಿ ಮನೆಗೆ ಹೋಗೋ ಊರು, ಅಷ್ಟೇ.

ಚಾಮರಾಜನಗರ ಜಿಲ್ಲೆ ಅಂದ ತಕ್ಷಣ ಕ್ಲಾಸಲ್ಲಿ ಯಾರಿಗಾದ್ರೂ ನೆನಪಾಗೋದು ಮೂರು: ಹುಲಿ, ವೀರಪ್ಪನ್, ಮತ್ತೆ 'ಅಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳ್ಕೊಳ್ತಾರೆ' ಅನ್ನೋ ಮೂಢನಂಬಿಕೆ. (ಸಿದ್ದರಾಮಯ್ಯನವರು 2013ರಿಂದ 2018ರವರೆಗೆ ಹತ್ತಾರು ಸಲ ಬಂದು ಹೋಗಿ ಐದು ವರ್ಷ ಪೂರ್ತಿ ಮುಗಿಸಿದ್ರು, ಆದ್ರೂ ಜನ ಇನ್ನೂ ಅದೇ ಮಾತಾಡ್ತಾರೆ.) 1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಚಿಕ್ಕ ಜಿಲ್ಲೆಯಲ್ಲಿ ಬದುಕು ಯಾಕೆ ಅನ್ನೋ ಪ್ರಶ್ನೆಗೆ ಒಂದಕ್ಕೊಂದು ಒಪ್ಪದ ಉತ್ತರಗಳು ಅಕ್ಕಪಕ್ಕ ಕೂತಿವೆ ಅಂತ ನನಗೆ ಗೊತ್ತಾಗಿದ್ದು ಆ ರಜದಲ್ಲಿ, ರೂಮ್‌ಮೇಟನ್ನ ಅಜ್ಜಿ ಮನೆಗೆ ಕರ್ಕೊಂಡು ಹೋದಾಗ. ಹಾಗೆ ಸುತ್ತಿದ್ದು, ಆಮೇಲೆ ಲೈಬ್ರರಿಯಲ್ಲಿ ನಿಧಾನಕ್ಕೆ ಕೂಡಿಸಿಕೊಂಡು ಓದಿದ್ದು, ಎರಡೂ ಸೇರಿ ಈ ಲೇಖನ.

ಮೊದಲು ಪ್ರಶ್ನೆಯನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಕನ್ನಡದಲ್ಲಿ 'ಅರ್ಥ' ಅನ್ನೋ ಪದ ಒಳ್ಳೇ ಜಾರು ಪದ. ಪದಕ್ಕೆ ಅರ್ಥ ಅಂತೀವಿ, ನನಗೆ ಅರ್ಥ ಆಯ್ತು ಅಂತೀವಿ, ಅರ್ಥಶಾಸ್ತ್ರ ಅಂದಾಗ ಅದೇ ದುಡ್ಡು. ಧರ್ಮ, ಅರ್ಥ, ಕಾಮ, ಮೋಕ್ಷ ಅನ್ನೋ ಪುರುಷಾರ್ಥಗಳಲ್ಲಿ 'ಅರ್ಥ' ಎರಡು ಸಲ ಬರುತ್ತೆ: ನಾಲ್ಕರಲ್ಲಿ ಒಂದಾಗಿ ಸಂಪತ್ತು, ನಾಲ್ಕಕ್ಕೂ ಸೇರಿ ಗುರಿ. ನಮ್ಮಂಥವರಿಗೆ ಪಂಪ್ ಉದಾಹರಣೆ ಸುಲಭ. ಪಂಪ್ ಯಾಕಿದೆ ಅಂದ್ರೆ ನೀರೆತ್ತಕ್ಕೆ. ಯಾರೋ ಒಬ್ಬರು ಆ ಕೆಲಸಕ್ಕೇ ಡಿಸೈನ್ ಮಾಡಿದ್ದಾರೆ, ಆದ್ದರಿಂದ ಅದಕ್ಕೆ ಒಂದು 'ಯಾಕೆ' ಇದೆ. ಮನುಷ್ಯನಿಗೆ ಅಂಥ ಸ್ಪೆಸಿಫಿಕೇಷನ್ ಶೀಟ್ ಇದೆಯಾ ಅನ್ನೋದು ಒಂದು ಪ್ರಶ್ನೆ. ಇಲ್ಲದಿದ್ರೂ ಬದುಕನ್ನ ಹೇಗೆ ಬದುಕಿದ್ರೆ ಚೆಂದ ಅನ್ನೋದು ಇನ್ನೊಂದು. ನಾವು ಹೋದ ಮೇಲೆ ಏನು ಉಳಿಯುತ್ತೆ ಅನ್ನೋದು ಮತ್ತೊಂದು. ಮೂರನ್ನೂ ಒಂದೇ ಬಾಯಲ್ಲಿ ಕೇಳಿಬಿಡ್ತೀವಿ, ಅದಕ್ಕೇ ರಾತ್ರಿ ಎರಡು ಗಂಟೆಯಾದ್ರೂ ಚರ್ಚೆ ಮುಗಿಯಲ್ಲ.

ಮೊದಲು ಹೋಗಿದ್ದು ಮಲೆಯೂರಿನ ಕನಕಗಿರಿಗೆ. ಚಾಮರಾಜನಗರ ತಾಲೂಕಿನ ಈ ಬೆಟ್ಟ ಹಳೇ ಜೈನ ಕ್ಷೇತ್ರ, ಮೇಲೆ ಪಾರ್ಶ್ವನಾಥರ ಬಸದಿ ಇದೆ. ಆಚಾರ್ಯ ಪೂಜ್ಯಪಾದರು ಇಲ್ಲಿ ತಪಸ್ಸು ಮಾಡಿದ್ರು ಅನ್ನೋದು ನಂಬಿಕೆ. ಪೂಜ್ಯಪಾದರು ಅಂದ್ರೆ ಸಣ್ಣ ಹೆಸರಲ್ಲ. ಜೈನರ ಮೂಲ ಗ್ರಂಥವಾದ ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಅನ್ನೋ ಟೀಕೆ ಬರೆದವರು, 'ಜೈನೇಂದ್ರ' ಅನ್ನೋ ಸಂಸ್ಕೃತ ವ್ಯಾಕರಣ ಬರೆದವರೂ ಅವರೇ. ಅಜ್ಜಿ ಮನೆಯಿಂದ ಇಷ್ಟು ಹತ್ತಿರ ಇದ್ದರೂ ನಾನು ಒಂದು ಸಲವೂ ಹತ್ತಿರಲಿಲ್ಲ. ಮೆಟ್ಟಿಲು ಹತ್ತುತ್ತಾ ರೂಮ್‌ಮೇಟ್ ನನಗೆ ಪಾಠ ಮಾಡಿದಳು.

ಜೈನರ ಲೆಕ್ಕದಲ್ಲಿ ಕರ್ಮ ಅನ್ನೋದು ಹಣೆಬರಹವೂ ಅಲ್ಲ, ದೇವರ ಲೆಡ್ಜರೂ ಅಲ್ಲ. ಅದು ನಿಜವಾದ ಕಣ, ಒಂಥರಾ ಅತಿ ಸೂಕ್ಷ್ಮ ಧೂಳು. ನಾವು ಮನಸ್ಸಲ್ಲಿ, ಮಾತಲ್ಲಿ, ಮೈಯಲ್ಲಿ ಏನು ಮಾಡಿದ್ರೂ ಅದು ಜೀವದ ಕಡೆ ಹರಿದು ಬರುತ್ತೆ. ಕೋಪ, ಅಹಂಕಾರ, ಮೋಸ, ಲೋಭ ಇದ್ರೆ ಜೀವ ಎಣ್ಣೆ ಹಚ್ಚಿದ ಮೈ ಇದ್ದ ಹಾಗೆ, ಧೂಳು ಅಂಟುತ್ತೆ. ಇಲ್ಲದಿದ್ರೆ ಒಣ ಗೋಡೆಗೆ ಬಿದ್ದ ಧೂಳಿನ ಹಾಗೆ ಉದುರಿ ಹೋಗುತ್ತೆ. ಇದನ್ನ ವಿವರಿಸೋಕೆ ತೂತು ಬಿದ್ದ ದೋಣಿಯ ಹೋಲಿಕೆಯನ್ನೂ ಕೊಡ್ತಾರೆ. ನೀರು ಒಳಗೆ ಬರೋದು ಆಸ್ರವ, ತುಂಬಿ ನಿಲ್ಲೋದು ಬಂಧ, ತೂತು ಮುಚ್ಚೋದು ಸಂವರ, ಒಳಗಿರೋ ನೀರನ್ನ ಮೊಗೆದು ಹೊರಗೆ ಹಾಕೋದು ನಿರ್ಜರ, ದೋಣಿ ಪೂರ್ತಿ ಹಗುರಾಗೋದು ಮೋಕ್ಷ. ಇಲ್ಲಿ ಲೋಕವನ್ನ ಸೃಷ್ಟಿ ಮಾಡಿದ ದೇವರು ಬೇಕಾಗಿಲ್ಲ. ನಮ್ಮನ್ನ ಯಾರೂ ಯಾವ ಕೆಲಸಕ್ಕೂ ಡಿಸೈನ್ ಮಾಡಿಲ್ಲ. ಆದ್ರೂ ಗುರಿ ಮಾತ್ರ ಸ್ಪಷ್ಟವಾಗಿದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ಗಿಂತ ಬೇಗ ಅರ್ಥ ಆಯ್ತು ಅಂತ ಹೇಳಿದೆ, ಬೈಸಿಕೊಂಡೆ.

ಹೀಗೆ ನೋಡಿದ್ರೆ ಸಲ್ಲೇಖನ ಈ ಲೆಕ್ಕದ ಕೊನೇ ಹೆಜ್ಜೆ. ವಯಸ್ಸು ಪೂರ್ತಿಯಾಗಿ, ವಾಸಿಯಾಗದ ಕಾಯಿಲೆ ಬಂದು, ಈ ದೇಹದಿಂದ ಇನ್ನು ವ್ರತ ಪಾಲಿಸೋಕೆ ಆಗಲ್ಲ ಅನ್ನೋ ಹೊತ್ತಿಗೆ ಗುರುಗಳ ಅನುಮತಿ ಪಡೆದು, ಎಲ್ಲರ ಕ್ಷಮೆ ಕೇಳಿ, ಆಹಾರವನ್ನ ಹಂತಹಂತವಾಗಿ ಬಿಡೋದು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಹೀಗೆ ದೇಹ ಬಿಟ್ಟವರ ಶಾಸನಗಳು ಸಾಲುಸಾಲಾಗಿವೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನ ಆತ್ಮಹತ್ಯೆಗೆ ಸಮ ಅಂತ ತೀರ್ಪು ಕೊಟ್ಟಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜೈನರ ವಾದ ಏನು ಅಂದ್ರೆ, ಆತ್ಮಹತ್ಯೆ ರಾಗದಿಂದ, ದುಃಖದಿಂದ, ಅವಸರದಿಂದ ಆಗೋದು. ಇದು ರಾಗವನ್ನೇ ಬಿಡೋದು. ಒಪ್ಪದವರು ಕೇಳೋ ಪ್ರಶ್ನೆಯೂ ಹಗುರವಾದದ್ದಲ್ಲ: ಮನೆಯವರ ಒತ್ತಡ, ಸಮುದಾಯದ ಹೊಗಳಿಕೆ ಇಲ್ಲ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ನನಗಂತೂ ಇದನ್ನ ಕೇಳಿ ಗೌರವವೂ ಬಂತು, ಭಯವೂ ಆಯ್ತು. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನ ಓದ್ತಾ ಇರೋರು ಹಾಸ್ಟೆಲ್‌ನಲ್ಲಿ ಇರೋ ನಾವೇ. ಬ್ಯಾಕ್‌ಲಾಗ್ ಆಗಿ, ಮನೆಗೆ ಫೋನ್ ಮಾಡೋಕೆ ಮುಖ ಇಲ್ಲದೆ, 'ಯಾಕ್ ಬದುಕಬೇಕು' ಅನ್ನಿಸೋದಕ್ಕೂ ಎಂಬತ್ತು ದಾಟಿದ ಒಬ್ಬ ಅಜ್ಜ ನಗ್ತಾ ಹೊರಟಿದ್ದಕ್ಕೂ ಸಂಬಂಧವೇ ಇಲ್ಲ. ಹತ್ತೊಂಬತ್ತಕ್ಕೆ ಹಾಗನ್ನಿಸಿದ್ರೆ ಅದು ತತ್ತ್ವಶಾಸ್ತ್ರ ಅಲ್ಲ, ನೋವು. ಪಕ್ಕದ ರೂಮಿನ ಬಾಗಿಲು ತಟ್ಟಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದ್ರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.

ಬೆಟ್ಟ ಇಳಿದು ಅಜ್ಜಿ ಮನೆಗೆ ಹೋದ್ವಿ. ಊರು ಗುಂಡ್ಲುಪೇಟೆ ತಾಲೂಕಿಂದು, ಬೆಳೆ ಸಾಂಬಾರ್ ಈರುಳ್ಳಿ, ಅರಿಶಿನ, ಮಳೆಗಾಲದಲ್ಲಿ ಚೆಂಡು ಹೂ. ಊಟಿಗೆ ಹೋಗೋರು ಕಾರ್ ನಿಲ್ಲಿಸಿ ಫೋಟೊ ತೆಗೆಸ್ಕೊಳ್ತಾರಲ್ಲ, ಆ ಹೂವು ಪೂಜೆಗೆ ಕಡಿಮೆ, ಬಣ್ಣ ತೆಗೆಯೋ ಕಾರ್ಖಾನೆಗೆ ಹೆಚ್ಚು. ರೂಮ್‌ಮೇಟ್ ಈರುಳ್ಳಿ ತಿನ್ನಲ್ಲ ಅಂತ ಗೊತ್ತಾದಾಗ ಅಜ್ಜಿ ದಂಗಾಗಿಬಿಟ್ರು. "ಈರುಳ್ಳಿನೂ ತಿನ್ನಲ್ವಾ ಈ ಕೂಸು? ಮತ್ ಏನ್ ತಿಂದು ಬದ್ಕದು?" ಅರಿಶಿನವೂ ಗೆಡ್ಡೆ ತಾನೇ ಅಂತ ನಾನು ಕಾಲೆಳೆದೆ. ಒಣಗಿಸಿದ್ದು ನಡೆಯುತ್ತೆ ಅಂತ ಅವಳ ಹತ್ರ ಉತ್ತರ ರೆಡಿ ಇತ್ತು.

ತಮಾಷೆ ಹಾಗಿರಲಿ, ಇಲ್ಲೇ ನಿಜವಾದ ಗಂಟು ಇರೋದು. ಅಜ್ಜಿಯ ಮನೆದೇವರು ಸಿದ್ದಪ್ಪಾಜಿ. ಕೊಳ್ಳೇಗಾಲ ತಾಲೂಕಿನ ಚಿಕ್ಕಲ್ಲೂರಿನಲ್ಲಿ ಅವರ ಗದ್ದಿಗೆ ಇದೆ. ಬನದ ಹುಣ್ಣಿಮೆಯಿಂದ ಐದು ದಿನ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುತ್ತಾರೆ, ಉರಿ ಯಾವ ದಿಕ್ಕಿಗೆ ವಾಲುತ್ತೋ ಆ ಕಡೆ ಮಳೆ ಬೆಳೆ ಚೆನ್ನಾಗಿ ಆಗುತ್ತೆ ಅನ್ನೋ ನಂಬಿಕೆ. ನಾಲ್ಕನೇ ದಿನ ಪಂಕ್ತಿಸೇವೆ. ಜಾತಿ ನೋಡದೆ ಬಯಲಲ್ಲಿ ಬಿಡಾರ ಹೂಡಿ, ಬಾಡೂಟ ಮಾಡಿ, ಸಾಲಾಗಿ ಕೂತು ಉಣ್ಣೋದು. ಒಂದು ಇರುವೆಯನ್ನೂ ನೋಯಿಸಬಾರದು ಅನ್ನೋ ಬೆಟ್ಟಕ್ಕೂ, ಬಾಡೂಟವೇ ಸೇವೆ ಅನ್ನೋ ಬಯಲಿಗೂ ಇರೋದು ಒಂದೇ ಜಿಲ್ಲೆ.

ಸಿದ್ದಪ್ಪಾಜಿಯ ಕಥೆ ಮಂಟೇಸ್ವಾಮಿ ಕಾವ್ಯದಲ್ಲಿ ಬರುತ್ತೆ. ಇದು ಬರೆದ ಕಾವ್ಯ ಅಲ್ಲ, ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಹಾಡೋದು. ಮುದ್ರಣವಾಗಿದ್ದು ಇತ್ತೀಚೆಗೆ, ಜಾನಪದ ವಿದ್ವಾಂಸರು ಹಾಡುಗಾರರಿಂದ ಕೇಳಿ ಬರೆದುಕೊಂಡ ಮೇಲೆ. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತೆ. ಹೆಚ್ಚೂ ಕಡಿಮೆ ಕಥೆ ಹೀಗೆ: 'ಧರೆಗೆ ದೊಡ್ಡವರು' ಅಂತ ಕರೆಸಿಕೊಳ್ಳೋ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರ್ತಾರೆ. ಬರೋದು ಹೇಗೆ? ಕೊಳಕಾಗಿ, ನಾರುತ್ತಾ, ಯಾರೂ ಹತ್ತಿರ ಸೇರಿಸದ ರೂಪದಲ್ಲಿ. ಬಾಗಿಲಲ್ಲಿದ್ದವರು ಒಳಗೆ ಬಿಡಲ್ಲ. ಜಾತಿ ಬಿಟ್ಟೆವು ಅಂದವರೇ ವಾಸನೆಗೆ ಮೂಗು ಮುಚ್ಚಿಕೊಂಡ್ರು ಅನ್ನೋದು ಆ ಪ್ರಸಂಗದ ಕುಟುಕು. ಎಚ್.ಎಸ್. ಶಿವಪ್ರಕಾಶರು ಇದನ್ನ ಇಟ್ಟುಕೊಂಡು 'ಮಂಟೇಸ್ವಾಮಿ ಕಥಾಪ್ರಸಂಗ' ಅನ್ನೋ ನಾಟಕ ಬರೆದಿದ್ದಾರೆ. ನಮ್ಮ ಡ್ರಾಮಾ ಟೀಮ್‌ನವರು ಯಾರಾದ್ರೂ ಓದ್ರಪ್ಪ.

ಆಮೇಲೆ ಮಂಟೇಸ್ವಾಮಿ ದಕ್ಷಿಣಕ್ಕೆ ಬಂದು ಶಿಶುಮಗನನ್ನ ಹುಡುಕ್ತಾರೆ. ಕಣ್ಣಿಗೆ ಬೀಳೋದು ಕೆಂಪಾಚಾರಿ, ಅನುಕೂಲಸ್ಥ ಪಾಂಚಾಳರ ಮನೆಯ ಹುಡುಗ, ಅಂದ್ರೆ ಕಬ್ಬಿಣ ಕೆಲಸದ ಕುಲದವನು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೆಟಲರ್ಜಿ ಫ್ಯಾಮಿಲಿ, ಸೀಟ್ ಗ್ಯಾರಂಟಿ. ಹೆತ್ತವರು ಕೊಡಲ್ಲ ಅಂತಾರೆ, ಗುರು ಬಿಡಲ್ಲ. ಹುಡುಗ ಬಹಳ ಕಷ್ಟಪಟ್ಟು ಕೊನೆಗೆ ಸಿದ್ದಪ್ಪಾಜಿ ಆಗ್ತಾನೆ. ಆಗ ಗುರು ಅವನನ್ನ ಕಳಿಸೋದು ಎಲ್ಲಿಗೆ? ಹಲಗೂರಿಗೆ, ತನ್ನದೇ ಕುಲದ ಪಾಂಚಾಳರ ಹತ್ರ, ಕಬ್ಬಿಣದ ಭಿಕ್ಷೆಗೆ. ಅವರು ಕೊಡಲ್ಲ. ವಿಷದ ಊಟ, ಕಾದ ಕಬ್ಬಿಣ, ಒಂದಾದ ಮೇಲೊಂದು ಪರೀಕ್ಷೆ. ಎಲ್ಲಾ ಗೆದ್ದು ಕಬ್ಬಿಣ ತರ್ತಾನೆ.

ನಾನು ಇದನ್ನ ಮೊದಲು ಪವಾಡದ ಕಥೆ ಅಂತ ಓದಿದೆ. ಎರಡನೇ ಸಲ ಓದಿದಾಗ ಬೇರೆ ಏನೋ ಕಾಣಿಸ್ತು. ಯಾವ ವಿದ್ಯೆಯಿಂದ, ಯಾವ ವಸ್ತುವಿನಿಂದ ಆ ಹುಡುಗ ದೊಡ್ಡವನಾಗಬಹುದಿತ್ತೋ, ಅದನ್ನೇ ಅವನು ತನ್ನವರ ಬಾಗಿಲಲ್ಲಿ ನಿಂತು ಬೇಡಬೇಕು. ಯಜಮಾನನಾಗಿ ಹುಟ್ಟಿದವನು ಭಿಕ್ಷುಕನಾಗಿ ಅದೇ ಬಾಗಿಲಿಗೆ ಬರಬೇಕು. ಈ ಕಾವ್ಯದಲ್ಲಿ ಬದುಕಿನ ಅರ್ಥವನ್ನ ನೀನೇ ಕೂತು ಹುಡುಕ್ಕೋ ಅಂತ ಬಿಡಲ್ಲ. ಗುರು ಬಂದು ನಿನ್ನನ್ನ 'ನನ್ನವನು' ಅಂತಾರೆ, ನೀನು ಇದ್ದ ಜಾಗ ಬಿಟ್ಟು ಕೆಳಗಿನವರ ಸಾಲಲ್ಲಿ ಬಂದು ನಿಲ್ಲಬೇಕು. ಮೋಕ್ಷದ ಮಾತು ಅಲ್ಲಿ ಕಡಿಮೆ, ಯಾರ ಜೊತೆ ಕೂತು ಉಣ್ತೀಯ ಅನ್ನೋ ಮಾತು ಜಾಸ್ತಿ. ಅದಕ್ಕೇ ಪಂಕ್ತಿ ಅಷ್ಟು ಮುಖ್ಯ.

ಆ ಪಂಕ್ತಿಯ ಮೇಲೆ ಇತ್ತೀಚಿನ ವರ್ಷಗಳಲ್ಲಿ ಜಗಳ ನಡೀತಿದೆ. ಕರ್ನಾಟಕದಲ್ಲಿ ಪ್ರಾಣಿಬಲಿ ತಡೆಯೋ 1959ರ ಕಾಯ್ದೆ ಇದೆ. ಅದರ ಪ್ರಕಾರ ಜಾತ್ರೆಗೆ ಕುರಿ ಕೋಳಿ ತರೋದನ್ನ ತಡೆಯಬೇಕು ಅಂತ ಒಂದು ಕಡೆ. ನಾವು ದೇವರ ಮುಂದೆ ಬಲಿ ಕೊಡ್ತಿಲ್ಲ, ಬಿಡಾರದಲ್ಲಿ ಅಡುಗೆ ಮಾಡಿ ಸಹಭೋಜನ ಮಾಡ್ತಿದ್ದೀವಿ, ಅದು ನಮ್ಮ ಪರಂಪರೆ ಅಂತ ಒಕ್ಕಲಿನವರು ಇನ್ನೊಂದು ಕಡೆ. ನಾನು ಅಜ್ಜಿ ಪಕ್ಷ. ಆದ್ರೆ ಅಡುಗೆಮನೆಯಲ್ಲಿ ಕೂತು ಇದನ್ನ ವಾದ ಮಾಡುವಾಗ ಎದುರಿಗೆ ರೂಮ್‌ಮೇಟ್ ಇದ್ದಳು. "ಆಡಿಗೂ ಬದುಕು ಐತಿ. ಅದರ ಬದುಕಿಗೆ ಅರ್ಥ ಇಲ್ಲೇನು?" ಅಂದಳು. ಸಮಾನತೆಯ ಪಂಕ್ತಿಯಲ್ಲಿ ಆಡಿಗೆ ಎಲೆ ಹಾಕಿಲ್ಲ ಅನ್ನೋದು ನಿಜ. ಯಾರು ಏನು ತಿನ್ನಬೇಕು ಅಂತ ಮೇಲಿನವರೇ ಯಾವಾಗಲೂ ಹೇಳ್ತಾ ಬಂದಿದ್ದಾರೆ ಅನ್ನೋದೂ ನಿಜ. ನಾವಿಬ್ಬರೂ ಇದನ್ನ ಇವತ್ತಿನವರೆಗೂ ಬಗೆಹರಿಸಿಕೊಂಡಿಲ್ಲ.

ಅಜ್ಜಿಯನ್ನ ನೇರವಾಗಿ ಕೇಳಿಬಿಟ್ಟೆ: "ಅಜ್ಜಿ, ಬದುಕಿಗೆ ಏನ್ ಅರ್ಥ?" ಅಜ್ಜಿ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ತಾತ ಹೋದಾಗಿನ ವಿಷಯ ಹೇಳಿದ್ರು. ತಿಥಿ ಎಲ್ಲಾ ಮುಗಿದ ಮೇಲೆ ನೀಲಗಾರರನ್ನ ಕರೆಸಿ ಕಥೆ ಮಾಡಿಸಿದ್ರಂತೆ. "ರಾತ್ರಿಯೆಲ್ಲ ಹಾಡಿದ್ರು ಕಣ್ ಮೊಗ. ಹಲಗೂರ್ ಸಾಲು ಬಂದಾಗ ಅತ್ತೆ. ಬೆಳಿಗ್ಗೆ ಎದ್ದು ಹಸ ಕರೆದೆ." ಅಷ್ಟೇ. ಆಮೇಲೆ ಎದ್ದು ಒಲೆ ಮುಂದೆ ಹೋದ್ರು.

ಇನ್ನು ಯಳಂದೂರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 17ನೇ ಶತಮಾನದ ಕೊನೆಗೆ, ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯೋ ಕೆಲಸದಲ್ಲಿದ್ದ ಹೊನ್ನಮ್ಮ ಈ ಊರಿನವಳು. ಸಂಚಿಯ ಹೊನ್ನಮ್ಮ ಅಂತ ಪಿಯುಸಿ ಕನ್ನಡ ತಗೊಂಡವರಿಗೆ ಹೆಸರು ಗೊತ್ತಿರುತ್ತೆ. ಅವಳ 'ಹದಿಬದೆಯ ಧರ್ಮ' ಸಾಂಗತ್ಯದಲ್ಲಿದೆ. ಹೆಣ್ಣಿನ ಬದುಕಿನ ಅರ್ಥ ಪತಿವ್ರತೆಯಾಗಿ ಇರೋದು, ಅತ್ತೆ ಮಾವನ ಸೇವೆ, ಮನೆಯ ಅಚ್ಚುಕಟ್ಟು ಅಂತ ಪುಟಗಟ್ಟಲೆ ಹೇಳ್ತಾಳೆ. ನಿಜ ಹೇಳ್ಬೇಕು ಅಂದ್ರೆ ಓದ್ತಾ ನನಗೆ ಸಿಟ್ಟು ಬಂತು. ಆದ್ರೆ ಅದೇ ಪುಸ್ತಕದಲ್ಲಿ ಹೆಣ್ಣು ಅಂತ ಯಾಕೆ ಕೀಳಾಗಿ ನೋಡ್ತೀರಿ, ಹೆತ್ತವಳು ಸಾಕಿದವಳು ಹೆಣ್ಣಲ್ವಾ ಅಂತ ದಬಾಯಿಸಿಯೂ ಕೇಳ್ತಾಳೆ. ಬೇರೆಯವರು ಬರೆದುಕೊಟ್ಟ ಸ್ಪೆಸಿಫಿಕೇಷನ್ ಶೀಟನ್ನ ಅಚ್ಚುಕಟ್ಟಾಗಿ ನಕಲು ಮಾಡ್ತಾ, ಒಂದು ಮೂಲೆಯಲ್ಲಿ ಅದನ್ನ ಬರೆದವರನ್ನೇ ಪ್ರಶ್ನೆ ಮಾಡಿದ ಹಾಗೆ. ಅಜ್ಜಿಗೆ ಮದುವೆಯಾದಾಗ ಹದಿನಾಲ್ಕು. ಬದುಕಿನ ಅರ್ಥ ಏನು ಅಂತ ಅವರನ್ನ ಯಾರೂ ಕೇಳಿರಲಿಲ್ಲ, ಕೇಳಿದ್ದು ನಾನೇ ಮೊದಲು ಇರಬೇಕು.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗಿ ಬಂದ್ವಿ. 1454 ಮೀಟರ್ ಎತ್ತರ, ಬಂಡೀಪುರದ ಕಾಡಿನೊಳಗೆ. ಮೇಲಕ್ಕೆ ನಮ್ಮ ಗಾಡಿ ಬಿಡಲ್ಲ, ಕೆಳಗಿನಿಂದ ಬಸ್ಸಿನಲ್ಲೇ ಹೋಗಬೇಕು. ಮಂಜಿನಲ್ಲಿ ದೇವರೂ ಕಾಣಲಿಲ್ಲ, ಆನೆಯೂ ಕಾಣಲಿಲ್ಲ. ಸಾಲಲ್ಲಿ ನಮ್ಮ ಮುಂದಿದ್ದವರು ಮಗು ಆಗ್ಲಿ ಅಂತ ಹರಕೆ ಹೊತ್ತು ಬಂದಿದ್ರು. ಹೆಚ್ಚಿನ ಜನ ದೇವರ ಮುಂದೆ ಬದುಕಿನ ಅರ್ಥ ಕೇಳಲ್ಲ, ಮಗು, ಮನೆ, ಮಳೆ ಕೇಳ್ತಾರೆ. ಬಹುಶಃ ಅವೆಲ್ಲ ಇದ್ದವರಿಗೇ ನಮ್ಮ ಪ್ರಶ್ನೆ ಬರೋದು.

ನನ್ನನ್ನ ಹೆಚ್ಚು ಕಾಡಿದ್ದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ. ಅವರಿಗೆ ಬಿಳಿಗಿರಿ ರಂಗ ಬರೀ ದೇವರಲ್ಲ, ಭಾವ. ಸೋಲಿಗರ ಹುಡುಗಿ ಕುಸುಮಾಲೆಯನ್ನ ರಂಗ ಮದುವೆಯಾದ ಅನ್ನೋ ಕಥೆ ಇದೆ, ಹಾಗಾಗಿ ಸಂಬಂಧಿಕ. ಭಾರ್ಗವಿ ಹೊಳೆಯ ದಂಡೆಯಲ್ಲಿರೋ ದೊಡ್ಡಸಂಪಿಗೆ ಮರವೂ ಅವರಿಗೆ ದೇವರು. ನೂರಾರು ವರ್ಷದ ಆ ಮರದ ಬುಡದಲ್ಲಿ ಕಲ್ಲುಗಳನ್ನ ಸಾಲಾಗಿ ನೆಟ್ಟಿದ್ದಾರೆ.

ಸೋಲಿಗರು ಕಾಡನ್ನ 'ಯೆಲ್ಲೆ'ಗಳಾಗಿ ಗುರುತಿಸ್ತಾರೆ. ಒಂದೊಂದು ಕುಲಕ್ಕೆ ಒಂದೊಂದು ಯೆಲ್ಲೆ. ಅದರೊಳಗೆ ಒಬ್ಬ ದೇವರು, ಒಬ್ಬಳು ಮಾರಮ್ಮ, ಒಂದು ವೀರು, ನೀರಿಗೆ ಒಂದು ಅಬ್ಬಿ, ಮತ್ತೆ ಸತ್ತವರ ಕಲ್ಲು ಇರೋ ಕಲ್ಲುಗುಡಿ. ಸೋಲಿಗರೂ ಸಂಶೋಧಕರೂ ಸೇರಿ ಈ ಪವಿತ್ರ ಜಾಗಗಳನ್ನ ಜಿಪಿಎಸ್ ಇಟ್ಟುಕೊಂಡು ನಕ್ಷೆ ಮಾಡಿದಾಗ 500ರ ಹತ್ತಿರ ಸಿಕ್ಕವು. ಇದನ್ನ ಓದಿದಾಗ ನನಗೆ ಹೊಳೆದಿದ್ದು, ಇಲ್ಲಿ ಬದುಕಿನ ಅರ್ಥ ತಲೆಯೊಳಗೆ ಇರೋ ವಿಷಯವೇ ಅಲ್ಲ. ಅದಕ್ಕೆ ಲ್ಯಾಟಿಟ್ಯೂಡ್ ಲಾಂಗಿಟ್ಯೂಡ್ ಇದೆ. ಹುಟ್ಟಿದ ಜಾಗ, ನೀರು ಕುಡಿದ ಅಬ್ಬಿ, ಸತ್ತ ಮೇಲೆ ಕಲ್ಲಾಗಿ ಕೂರೋ ಗುಡಿ, ಎಲ್ಲಾ ಒಂದೇ ಯೆಲ್ಲೆಯೊಳಗೆ.

ಹಾಗಾದ್ರೆ ಆ ಜಾಗದಿಂದಲೇ ಎಬ್ಬಿಸಿದ್ರೆ? 1974ರಲ್ಲಿ ಇದು ವನ್ಯಜೀವಿ ಅಭಯಾರಣ್ಯ ಆಯ್ತು. ಜಾಗ ಬದಲಿಸುತ್ತಾ ಮಾಡ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು, ಜನ ಪೋಡುಗಳಲ್ಲಿ ನೆಲೆ ನಿಂತರು. ಬೇಸಿಗೆಯ ಮೊದಲಿಗೇ ನೆಲದ ಒಣ ಎಲೆಗೆ ಹಾಕ್ತಿದ್ದ ಸಣ್ಣ 'ತರಗು ಬೆಂಕಿ'ಯೂ ನಿಂತಿತು. ಆ ಬೆಂಕಿ ಇಲ್ಲದ್ದರಿಂದಲೇ ಲಾಂಟಾನ ಕಾಡು ತುಂಬಿಕೊಂಡಿತು ಅಂತ ಸೋಲಿಗರು ಹೇಳ್ತಾರೆ. ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಈಗ ಸಂಶೋಧಕರೂ ಅದನ್ನ ಗಂಭೀರವಾಗಿ ತಗೊಂಡು ಬರೆದಿದ್ದಾರೆ. 2011ರಲ್ಲಿ ಎರಡು ಘಟನೆ ಒಟ್ಟೊಟ್ಟಿಗೆ ಆದವು. ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯ್ತು, ಮತ್ತೆ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅಂಥ ಹಕ್ಕು ಪಡೆದ ದೇಶದ ಮೊದಲ ಸಮುದಾಯ ಅವರು. ಹಕ್ಕುಪತ್ರ ಕಾಗದದಲ್ಲಿ ಇರೋದು ಒಂದು, ಕಾಡೊಳಗೆ ನಡೆಯೋದು ಇನ್ನೊಂದು, ಆ ಹೋರಾಟ ಮುಗಿದಿಲ್ಲ. ಹುಲಿಯ ಬದುಕಿಗೂ ಬೆಲೆ ಇದೆ ತಾನೇ ಅಂತ ಕೇಳೋರಿಗೆ ಸೋಲಿಗರು 'ಇಲ್ಲ' ಅನ್ನಲ್ಲ. ಜೇನು ಕೀಳುವಾಗ ಸ್ವಲ್ಪ ಹುಟ್ಟನ್ನ ಕಾಡಿಗೇ ಬಿಡೋ ಜನ ಅವರು.

ಈ ಬೆಟ್ಟಕ್ಕೇ ಒಬ್ಬ ಡಾಕ್ಟರ್ ಬಂದ್ರು. ಬೆಂಗಳೂರಲ್ಲಿ ಎಂಬಿಬಿಎಸ್ ಮುಗಿಸಿದ ಡಾ. ಎಚ್. ಸುದರ್ಶನ್. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ರು, ಆಸ್ಪತ್ರೆ, ಶಾಲೆ ಎಲ್ಲಾ ಬೆಳೆದವು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ. ಪ್ರೊಫೆಷನಲ್ ಡಿಗ್ರಿ ಓದೋ ನಮ್ಮಂಥವರಿಗೆ ಈ ಉತ್ತರ ಬೇಗ ಹಿಡಿಸುತ್ತೆ: ಸೇವೆಯೇ ಅರ್ಥ. ನನಗೂ ಹಿಡಿಸ್ತು. ಒಂದು ಅನುಮಾನ ಮಾತ್ರ ಉಳೀತು. ಸೇವೆ ಮಾಡೋರ ಬದುಕಿಗೆ ಅದರಿಂದ ಅರ್ಥ ಬರುತ್ತೆ ಸರಿ, ಮಾಡಿಸಿಕೊಳ್ಳೋರ ಬದುಕಿನ ಅರ್ಥ ಏನು, ಬೇರೆಯವರಿಗೆ ಅರ್ಥ ಒದಗಿಸೋದಾ? ಸೋಲಿಗರ ಮಕ್ಕಳೇ ಓದಿ, ಸಂಶೋಧನೆ ಮಾಡಿ, ತಮ್ಮ ಕಾಡಿನ ನಕ್ಷೆ ತಾವೇ ಬರೆಯೋವರೆಗೂ ಬಂದಿರೋದು ಆ ಪ್ರಶ್ನೆಗೆ ಒಂದು ಉತ್ತರ ಇರಬಹುದು.

ಕಾಲೇಜಿಗೆ ವಾಪಸ್ ಬಂದ ಮೇಲೆ ಶಿವರಾಮ ಕಾರಂತರ 'ಅಳಿದ ಮೇಲೆ' ಓದಿದೆ. 1960ರ ಕಾದಂಬರಿ. ಯಶವಂತರಾಯ ಅನ್ನೋ ಒಬ್ಬ ಒಂಟಿ ಮುದುಕ ಸತ್ತ ಮೇಲೆ, ರೈಲಿನಲ್ಲಿ ಪರಿಚಯವಾಗಿದ್ದ ಗೆಳೆಯ ಅವನ ಡೈರಿ, ಪತ್ರ, ದುಡ್ಡಿನ ಲೆಕ್ಕ ಹಿಡಿದು ಅವನ ಬದುಕನ್ನ ಹುಡುಕ್ಕೊಂಡು ಊರೂರು ಅಲೆಯೋ ಕಥೆ. ಅರ್ಥ ಅನ್ನೋದು ಅಲ್ಲಿ ಒಂಥರಾ ಸಾಲದ ಲೆಕ್ಕ: ಈ ಲೋಕದಿಂದ ಪಡೆದದ್ದೆಷ್ಟು, ತಿರುಗಿ ಕೊಟ್ಟದ್ದೆಷ್ಟು. ಒಂದು ಬದುಕಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಯಾವುದೂ ಪೂರ್ತಿ ಅಲ್ಲ. ರೂಮ್‌ಮೇಟ್‌ಗೆ ಕೊಟ್ಟೆ, ಎರಡೇ ದಿನಕ್ಕೆ ಮುಗಿಸಿದಳು. "ನಮ್ಮಜ್ಜನ ಡೈರಿ ಊರಾಗ ಟ್ರಂಕಿನ್ಯಾಗ ಐತಿ. ಇನ್ನೂ ಯಾರೂ ತಗದ ನೋಡಿಲ್ಲ" ಅಂದಳು. ಈ ದೀಪಾವಳಿಗೆ ಹೋದಾಗ ತೆಗೆದು ಓದ್ತಾಳಂತೆ. ಅಜ್ಜ ನಕ್ಕಿದ್ದು ದೋಣಿ ಹಗುರಾಯ್ತು ಅಂತಲೋ, ಸಾಲ ತೀರಿತು ಅಂತಲೋ, ಅಥವಾ ಸುತ್ತ ನಿಂತ ಮೊಮ್ಮಕ್ಕಳನ್ನ ನೋಡಿಯೋ, ಅವಳಿಗಿನ್ನೂ ಗೊತ್ತಿಲ್ಲ. ನಾನೂ ಕಮೂ ಬಗ್ಗೆ ಮಾತು ಎತ್ತಿಲ್ಲ.

ಸದ್ಯಕ್ಕೆ ನಮ್ಮ ಪ್ಲ್ಯಾನ್ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗೋದು. ಇಂಟರ್ನಲ್ಸ್ ಅದೇ ವಾರ ಬರದಿದ್ರೆ ಸಾಕು. ಮೊದಲ ರಾತ್ರಿ ಚಂದ್ರಮಂಡಲ ನೋಡಿ, ನೀಲಗಾರರ ಕಥೆ ಕೇಳಿ, ಪಂಕ್ತಿಯ ದಿನಕ್ಕೆ ಮುಂಚೆ ಅವಳು ವಾಪಸ್ ಬರ್ತಾಳೆ, ನಾನು ಅಜ್ಜಿ ಜೊತೆ ಉಳ್ಕೊಳ್ತೀನಿ. ಮೊನ್ನೆ ಅಜ್ಜಿ ಫೋನ್ ಮಾಡಿ, "ಆ ಕೂಸ್ಗ ಏನ್ ಮಾಡದು ಊಟಕ್ಕ? ಈರುಳ್ಳಿ ಬ್ಯಾಡ, ಬೆಳ್ಳುಳ್ಳಿ ಬ್ಯಾಡ, ಆಲೂಗಡ್ಡ ಬ್ಯಾಡ" ಅಂತ ಕೇಳಿದ್ರು. ಆ ಹೊತ್ತಿಗೆ ಅವರೆಕಾಯಿ ಬಂದಿರುತ್ತಲ್ಲ ಅಂದೆ. ಹೊತ್ತು ಮುಳುಗೋ ಮುಂಚೆ ಬಡಿಸಬೇಕು ಅಂತಾನೂ ಹೇಳಿದ್ದೀನಿ.